ಕೆಲ್ಪ್ ಎಲೆಯ ಮೇಲಣ ಸುಣ್ಣದ ಜಾಲರಿ

ಕೆಲ್ಪ್ ಎಂಬ ಈ ಒಣಗಿದ ಕಂದು ಕಡಲಕಳೆಯ ಮೇಲೆ ಬೆಳ್ಳಗೆ ಹರಡಿರುವುದು ಉಪ್ಪಿನ ಲೇಪವಲ್ಲ, ಸಸ್ಯವೂ ಅಲ್ಲ. ಬ್ರಯೋಜೋವ ವಂಶದ ‘ಮೆಂಬ್ರನಿಪೊರ ಮೆಂಬ್ರನೇಸಿಯ’ ಎಂಬ ಸೂಕ್ಷ್ಮಪ್ರಾಣಿಗಳು, ಮೊಗ್ಗಿನಿಂದ ಮೊಗ್ಗೊಡೆದು, ಸಹಸ್ರಸಂಖ್ಯೆಯಲ್ಲಿ ಒತ್ತೊತ್ತಾಗಿ ಕಟ್ಟಿಕೊಂಡ ಸುಣ್ಣದ ವಸತಿ.

1767ರಲ್ಲಿಯೇ ಜೀವವಿಜ್ಞಾನಿ ಲಿನೇಯಸನಿಂದ ನಾಮಕರಣ ಪಡೆದ, ಯೂರೋಪಿನ ಕಡಲತೀರಗಳಿಗೆ ಚಿರಪರಿಚಿತವಾದ ಈ ಜೀವಿ 1987ರಲ್ಲಿ ಅಮೆರಿಕದ ಮೇನ್ ಕೊಲ್ಲಿಯಲ್ಲಿ ಮೊದಲಿಗೆ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಕೆನಡದ ನೋವಾ ಸ್ಕೋಷಿಯದವರೆಗೂ ವ್ಯಾಪಿಸಿತು. ತ್ರಿಕೋನಾಕೃತಿಯ ಇದರ ಮರಿಗಳು ವಾರಗಟ್ಟಲೆ ತೇಲುತ್ತ ಬದುಕಬಲ್ಲವಾದುದರಿಂದ, ಹಡಗುಗಳು ಸಮತೋಲಕ್ಕೆಂದು ತುಂಬಿಕೊಂಡು ಬರುವ ನೀರೇ ಇವಕ್ಕೆ ವಾಹನವಾಗಿದ್ದಿರಬೇಕು.

ಭೂತಗನ್ನಡಿಯಲ್ಲಿ ಜಾಲರಿಯ ಅಂಚನ್ನು ನೋಡಿರಿ. ಅರ್ಧ ಮಿಲಿಮೀಟರಿನ ಆಸುಪಾಸಿನ ಒಂದೊಂದು ಆಯತಾಕಾರದ ಕೋಣೆಯೂ ಒಂದೊಂದು ಪ್ರಾಣಿಯ ಮನೆ. ಕೋಣೆಯ ಬಾಯಿಯಿಂದ ಕರಬಳ್ಳಿಗಳ ಕಿರೀಟವನ್ನು ಹೊರಚಾಚಿ ಆ ಪ್ರಾಣಿ ನೀರಿನ ಸೂಕ್ಷ್ಮಸಸ್ಯಗಳನ್ನು ಸೋಸಿ ಉಣ್ಣುತ್ತಿತ್ತೇ ಹೊರತು ಎಲೆಯನ್ನು ತಿಂದುದಿಲ್ಲ. ಗೋಡೆಗಳಲ್ಲಿ ಅಲ್ಲಲ್ಲಿ ಸುಣ್ಣವಿಲ್ಲದ ಮೃದುಸಂಧಿಗಳಿರುವುದರಿಂದ, ಎಲೆಯು ಅಲೆಗಳಲ್ಲಿ ಬಾಗಿದಾಗ ವಸತಿಯು ಒಡೆಯದೆ ತಾನೂ ಬಾಗುತ್ತದೆ.

ಆತಿಥ್ಯವಿತ್ತ ಎಲೆಗೆ ಮಾತ್ರ ಆ ಭಾಗ್ಯವಿಲ್ಲ. ಜಾಲರಿ ಮುಚ್ಚಿದ ಭಾಗ ಪೆಡಸಾಗಿ, ಶರತ್ಕಾಲದ ಬಿರುಗಾಳಿಗೆ ಸಿಕ್ಕಿ ತುಂಡುತುಂಡಾಗಿ ಹರಿದುಹೋಗುತ್ತದೆ; ನೀರು ಬೆಚ್ಚಗಿದ್ದ ವರ್ಷಗಳಲ್ಲಿ ಹಾನಿ ಇನ್ನೂ ಹೆಚ್ಚು. ಹೀಗೆ ಕೆಲ್ಪ್ ಕಾಡು ತೆರವಾದ ಬಂಡೆಗಳ ಮೇಲೆ, ಕೋಡಿಯಂ ಎಂಬ ಮತ್ತೊಂದು ಪರದೇಶದ ಹಸುರು ಪಾಚಿ ನೋವಾ ಸ್ಕೋಷಿಯದ ತೀರದಲ್ಲಿ ನೆಲೆಯೂರಿದುದುಂಟು.