ಮೊದಲು ಅಟ್ಟದ ಡಬ್ಬ ಇಳಿಸಿ, ಆಮೇಲೆ ವೈರು ಸಿಗಿಸೋಣ

ನಮ್ಮ ಬೀದೀಲಿ ಮೂರು ಜನ, ನೆಂಟರಲ್ಲಿ ಇಬ್ಬರು, ಒಟ್ಟು ಐದು ಜನ ಒಂದೇ ಪ್ರಶ್ನೆ ಕೇಳಿದ್ದೀರಿ. ಫೋನಲ್ಲಿ ಬರೋ ಹಾಡನ್ನ ಹಾಲಲ್ಲಿರೋ ದೊಡ್ಡ ಸ್ಟೀರಿಯೋಲಿ ಕೇಳೋದು ಹೇಗೆ? ಅದೇನೋ ‘ಹೈ-ರೆಸ್’ ಅಂತಾರಲ್ಲ, ಅದಕ್ಕೆ ದುಡ್ಡು ಹಾಕಬಹುದಾ? ವೈರು ಎಲ್ಲಿ ಸಿಗಿಸಬೇಕು ಅಂತ ಹೇಳಕ್ಕೆ ಐದು ನಿಮಿಷ ಸಾಕು, ಕೆಳಗೆ ಹೇಳ್ತೀನಿ. ಆದ್ರೆ ಹಾಡು ನಮ್ಮ ಮನೆಯೊಳಗೆ ಬಂದ ದಾರಿ ನೂರಿಪ್ಪತ್ತು ವರ್ಷ ಉದ್ದ ಇದೆ. ಆ ದಾರೀನ ಒಂದ್ಸಲ ನೋಡಿದ್ರೆ, ವೈರು ಸಿಗಿಸೋಕೆ ಮುಂಚೆ ಮಾಡಬೇಕಾದ ಇನ್ನೊಂದು ಕೆಲಸ ಇದೆ ಅಂತ ನಿಮಗೇ ಗೊತ್ತಾಗತ್ತೆ.

ನಮ್ಮ ದೇಶದಲ್ಲಿ ತಟ್ಟೆ ಮೇಲೆ ಮೊದಲು ಕೂತ ದೊಡ್ಡ ಹೆಸರು ಒಬ್ಬ ಹೆಂಗಸಿನದು. 1902ರ ನವೆಂಬರಲ್ಲಿ ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅನ್ನೋರು ಕಲ್ಕತ್ತಾಗೆ ಬಂದು ಗೌಹರ್ ಜಾನ್ ಹಾಡು ಹಿಡಿದ್ರು. ಆಗಿನ ಎಷ್ಟೋ ದೊಡ್ಡ ಗಂಡಸು ವಿದ್ವಾಂಸರು ‘ಯಂತ್ರಕ್ಕೆ ಹಾಡೋದೇ?’ ಅಂತ ಹಿಂದೆ ಸರಿದಾಗ, ಮುಂದೆ ಬಂದೋರು ಇಂಥ ಹೆಣ್ಣುಮಕ್ಕಳು. ಮೈಕು ಇರ್ಲಿಲ್ಲ. ದೊಡ್ಡ ಕಹಳೆ ಥರದ್ದರ ಬಾಯಿಗೆ ಮುಖ ಇಟ್ಟು ಗಟ್ಟಿಯಾಗಿ ಹಾಡಬೇಕು. ಸಿಕ್ಕೋದು ಮೂರು ನಿಮಿಷದ ಆಸುಪಾಸು. ಕೊನೇಲಿ ಆಕೆ ತನ್ನ ಹೆಸರು ತಾನೇ ಇಂಗ್ಲಿಷಲ್ಲಿ ಕೂಗಿ ಹೇಳ್ತಿದ್ರು. ತಟ್ಟೆ ಒತ್ತೋದು ಜರ್ಮನಿಯ ಹ್ಯಾನೋವರಲ್ಲಿ, ಇದು ಯಾರ ಹಾಡು ಅಂತ ಅಲ್ಲಿನೋರಿಗೆ ಗೊತ್ತಾಗಬೇಕಲ್ಲ! 1908ರಲ್ಲಿ ಕಲ್ಕತ್ತಾದಲ್ಲೇ ಕಾರ್ಖಾನೆ ಆಯ್ತು. ಈ ಗೌಹರ್ ಜಾನ್ ಕೊನೇಗಾಲದಲ್ಲಿ ಬಂದಿದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನಕ್ಕೆ ಸೇರಿಸ್ಕೊಂಡ್ರು. 1930ರ ಜನವರಿಯಲ್ಲಿ ಮೈಸೂರಲ್ಲೇ ತೀರಿಕೊಂಡ್ರು.

ಆ ಕಪ್ಪು ತಟ್ಟೆ ಏನರಲ್ಲಿ ಮಾಡ್ತಿದ್ರು ಗೊತ್ತಾ? ಅರಗು ಕಣ್ರೀ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಮೆತ್ತೋ ಅದೇ ಅರಗು, ಜೊತೆಗೆ ಕಲ್ಲಿನ ಪುಡಿ. ಕೈಜಾರಿದ್ರೆ ಹಪ್ಪಳ ಮುರಿದಂಗೆ ಚೂರು. ನಿಮಿಷಕ್ಕೆ 78 ಸುತ್ತು. ಮೂರು ನಿಮಿಷದಲ್ಲಿ ರಾಗಾಲಾಪನೆ ಮಾಡೋದೆಲ್ಲಿ ಬಂತು? ಪಲ್ಲವಿ, ಅನುಪಲ್ಲವಿ, ಚರಣ ಅಂತ ಓಡೋದೇ. ಪೂರ್ತಿ ಸಂಗೀತ ಬೇಕು ಅಂದ್ರೆ ಕಚೇರಿಗೇ ಹೋಗಬೇಕು. ಬೆಂಗಳೂರಲ್ಲಿ 1905ರಿಂದ ಗಾಯನ ಸಮಾಜ ಇತ್ತು. 1939ರಿಂದ ಚಾಮರಾಜಪೇಟೆಯ ರಾಮಸೇವಾ ಮಂಡಳಿಯ ರಾಮನವಮಿ ಕಚೇರಿ ಇತ್ತು. ನಮ್ಮಜ್ಜಿ ಹೇಳೋರು, ‘ನಾನು ಕಚೇರಿ ಕೇಳಿದ್ದು ಮೊದಲ ಎರಡು ಕೀರ್ತನೆ ಮಾತ್ರ ಕಣೆ, ರಾಗ-ತಾನ-ಪಲ್ಲವಿ ಹೊತ್ತಿಗೆ ಮನೇಲಿ ಎಲೆ ಹಾಕಬೇಕಿತ್ತು’ ಅಂತ.

ಎಲೆ ಹಾಕ್ತಾ ಹಾಕ್ತಾನೂ ಕೇಳೋ ಹಾಗೆ ಮಾಡಿದ್ದು ರೇಡಿಯೋ. 1935ರ ಸೆಪ್ಟೆಂಬರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರು ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ ಒಂದು ಪುಟ್ಟ ನಿಲಯ ಶುರು ಮಾಡಿದ್ರು. ಶಕ್ತಿ 30 ವಾಟ್, ಅಂದ್ರೆ ನಿಮ್ಮನೆ ಹಳೇ ಝೀರೋ ಬಲ್ಬು ಎರಡು ಸೇರಿಸಿದಷ್ಟು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಆ ಹೆಸರೇ ಮುಂದೆ ಇಡೀ ದೇಶದ ರೇಡಿಯೋದ ಹೆಸರಾಯ್ತು. ನಿಲಯ 1955ರಲ್ಲಿ ಬೆಂಗಳೂರಿಗೆ ಬಂತು. ರೇಡಿಯೋ ಇಟ್ಕೊಳಕ್ಕೆ ಪೋಸ್ಟಾಫೀಸಲ್ಲಿ ವರ್ಷಾ ವರ್ಷಾ ಲೈಸೆನ್ಸ್ ಕಟ್ಟಬೇಕಿತ್ತು, ನಿಮ್ಮಲ್ಲಿ ಹಿರಿಯರಿಗೆ ನೆನಪಿರತ್ತೆ. ಅಂಚೆಚೀಟಿ ಅಂಟಿಸಿದ ಆ ಪುಸ್ತಕ ನಮ್ಮನೇಲಿ ರೇಷನ್ ಕಾರ್ಡಿನ ಜೊತೆ ಇರ್ತಿತ್ತು.

ಇನ್ನು ‘ಹೈ-ಫೈ’ ಅನ್ನೋದರ ಕಥೆ. ಅದೇನೋ ಈಗಿನ ಹುಡುಗರ ಹುಚ್ಚು ಅಂದ್ಕೋಬೇಡಿ. ನಮ್ಮ ಕಡೆ ಆ ಹುಚ್ಚನ್ನ ಅರಮನೆ ಮಟ್ಟಕ್ಕೆ ಏರಿಸಿದೋರು ಜಯಚಾಮರಾಜ ಒಡೆಯರು. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದೋರು, ಪಾಶ್ಚಾತ್ಯ ಸಂಗೀತದಲ್ಲೂ ಅಷ್ಟೇ ಆಸೆ. ಲಂಡನ್ನಿನ ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ ಅರಮನೇಲಿದ್ದ ರೆಕಾರ್ಡುಗಳು, ಥರಥರದ ಲೌಡ್‌ಸ್ಪೀಕರುಗಳು ನೋಡಿ ಬೆರಗಾದ್ರಂತೆ. ಮಹಾರಾಜರ ಹತ್ರ ಸುಮಾರು 20,000 ತಟ್ಟೆ ಇತ್ತು ಅಂತ ಅಂದಾಜು. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಮುಪ್ಪಿನಲ್ಲಿ ಲಂಡನ್ನಲ್ಲಿ ಕಷ್ಟದಲ್ಲಿದ್ದಾಗ, ಅವರ ಸಂಗೀತ ಉಳೀಲಿ ಅಂತ 1948ರ ಸುಮಾರಿಗೆ ಮೆಟ್ನರ್ ಸೊಸೈಟಿಗೆ ಹಣ ಕೊಟ್ಟು ಅವರ ಕೈಯಲ್ಲೇ ಪಿಯಾನೋ ನುಡಿಸಿ ರೆಕಾರ್ಡ್ ಮಾಡಿಸಿದ್ದೂ ನಮ್ಮ ಮಹಾರಾಜರೇ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಲ್ಲಿ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳನ್ನ ಮೊದಲ ಸಲ ಹಾಡಿದ್ರು. ಬರೆದ ಸ್ಟ್ರಾಸ್ ಹಿಂದಿನ ವರ್ಷವೇ ತೀರಿಕೊಂಡಿದ್ರು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅನ್ನೋ ನಾರ್ವೆಯ ಗಾಯಕಿ. ಮಹಾರಾಜರಿಗೆ ಹೋಗಕ್ಕಾಗ್ಲಿಲ್ಲ. ಆದ್ರೆ ಕಾರ್ಯಕ್ರಮಕ್ಕೆ 4,800 ಡಾಲರ್ ಜಾಮೀನು ಕೊಟ್ಟಿದ್ರು, ಅದನ್ನ ರೆಕಾರ್ಡ್ ಮಾಡಿಸಿ ಮೈಸೂರಿಗೆ ತರಿಸ್ಕೊಂಡ್ರು. ಹಾಡು ಮನೆಗೆ ತರಿಸ್ಕೊಳೋದು ಅಂದ್ರೆ ಇದು ನೋಡಿ!

ಆ ರೆಕಾರ್ಡಿಂಗ್ ಈಗ್ಲೂ ಇದೆ, ಯಾರು ಬೇಕಾದ್ರೂ ಕೇಳಬಹುದು. ಕೇಳಿದ್ರೆ ಚರಪರ ಸದ್ದು, ಹಿಂದೆ ಮಳೆ ಹುಯ್ದಂಗೆ. ಹೈ-ರೆಸ್ ಅಲ್ಲ, ಲೋ-ರೆಸ್ಸೂ ಅಲ್ಲ. ಆದ್ರೂ ಜಗತ್ತಿನೋರೆಲ್ಲ ಕಿವಿಯಿಟ್ಟು ಕೇಳ್ತಾರೆ, ಯಾಕೇಂದ್ರೆ ಆ ಸಂಜೆಯ ದನಿ ಬೇರೆಲ್ಲೂ ಇಲ್ಲ. ಸದ್ದು ಕೆಟ್ಟಿದ್ರೆ ಸಹಿಸ್ಕೋಬಹುದು, ದನೀನೇ ಇಲ್ಲದೆ ಹೋದ್ರೆ ಏನ್ಮಾಡಕ್ಕಾಗತ್ತೆ?

ಆಮೇಲಿನದ್ದು ನಿಮಗೆಲ್ಲ ಗೊತ್ತಿರೋದೇ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಂದ್ಮೇಲೆ ಒಂದು ಮಗ್ಗುಲಲ್ಲಿ ಇಪ್ಪತ್ತು ನಿಮಿಷ ದಾಟಿ ಸಿಕ್ತು. ಹತ್ತನೇ ವಯಸ್ಸಲ್ಲಿ, 1926ರಲ್ಲಿ, ಮೊದಲ ತಟ್ಟೆ ಕೊಟ್ಟಿದ್ದ ಎಂ.ಎಸ್. ಸುಬ್ಬುಲಕ್ಷ್ಮಿಯವರು ವೆಂಕಟೇಶ ಸುಪ್ರಭಾತವನ್ನ ತಡೆಯಿಲ್ಲದೆ ಹಾಡಿ ನಮ್ಮ ಬೆಳಗುಗಳಿಗೆ ಕೊಡೋಕೆ ಸಾಧ್ಯ ಆಗಿದ್ದು ಎಲ್‌ಪಿಯಿಂದ. ಮೂರು ನಿಮಿಷದ ತಟ್ಟೆಯಲ್ಲಾಗಿದ್ರೆ ದೇವರನ್ನ ಎಬ್ಬಿಸೋ ಹೊತ್ತಿಗೆ ಏಳು ಸಲ ತಟ್ಟೆ ತಿರುಗಿಸಬೇಕಿತ್ತು.

ಆದ್ರೆ ನನ್ನ ಲೆಕ್ಕದಲ್ಲಿ ದೊಡ್ಡ ಬದಲಾವಣೆ ಕ್ಯಾಸೆಟ್. ಫಿಲಿಪ್ಸ್ ಕಂಪನಿ ಅದನ್ನ ತಂದಿದ್ದು 1963ರಲ್ಲಿ, ನಮ್ಮ ಮನೆಗಳಿಗೆ ಬಂದಿದ್ದು ಎಪ್ಪತ್ತರ ಕೊನೆ, ಎಂಬತ್ತರ ದಶಕ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ್ಮೇಲೆ ಭಾವಗೀತೆ ಮನೆಮಾತಾಯ್ತು. ಇನ್ನೊಂದು ವಿಷಯ ಗಮನಿಸಿದ್ದೀರಾ? ಗ್ರಾಮೋಫೋನು, ರೇಡಿಯೋ, ಎಲ್‌ಪಿ, ಇವೆಲ್ಲ ನಮಗೆ ಕೇಳಿಸೋ ಯಂತ್ರ. ಕ್ಯಾಸೆಟ್ ಟೇಪ್ ರೆಕಾರ್ಡರಲ್ಲಿ ಮಾತ್ರ ಒಂದು ಕೆಂಪು ಗುಂಡಿ ಇತ್ತು. ಅದನ್ನ ಒತ್ತಿದ್ರೆ ಅದು ನಮ್ಮನ್ನ ಕೇಳಿಸ್ಕೊಳ್ತಿತ್ತು. ನೂರು ರೂಪಾಯಿ ಸಂಭಾವನೆ, ಸ್ಟುಡಿಯೋ, ಆಡಿಷನ್ ಏನೂ ಬೇಡ.

ನಮ್ಮ ಮನೇಲಿ 1986ರ ಮದುವೆಯೊಂದರಲ್ಲಿ ಹೀಗೇ ಹಿಡಿದ ಕ್ಯಾಸೆಟ್ ಇದೆ. ನನ್ನ ಸೋದರತ್ತೆ ಹಸೆಗೆ ಕರೆಯೋ ಹಾಡು, ಉರುಟಣೆ ಹಾಡು, ಬೀಗರನ್ನ ಆಡಿಕೊಳ್ಳೋ ಹಾಡು ಹೇಳಿದ್ದಾರೆ. ಮಧ್ಯೆ ಯಾರೋ ‘ಕಾಫಿ ಆಯ್ತಾ?’ ಅಂತ ಕೇಳ್ತಾರೆ, ಮಗು ಅಳತ್ತೆ, ಅತ್ತೆ ಒಂದು ಸಾಲು ಮರೆತು ನಕ್ಕು ಮತ್ತೆ ಶುರು ಮಾಡ್ತಾರೆ. ಅತ್ತೆ ಹೋಗಿ ಹನ್ನೊಂದು ವರ್ಷ ಆಯ್ತು. ಆ ಹಸೆ ಹಾಡಿನ ಧಾಟಿ ಈಗ ನಮ್ಮಲ್ಲಿ ಯಾರಿಗೂ ಪೂರ್ತಿ ಬರಲ್ಲ.

ಮುಂದೆ 1982ರಲ್ಲಿ ಸಿಡಿ. ದನಿಯನ್ನ ಸೆಕೆಂಡಿಗೆ 44,100 ಸಲ ಅಳೆದು ಅಂಕಿಯಾಗಿ ಬರೆದಿಡೋದು. ಮನುಷ್ಯರ ಕಿವಿಗೆ ಕೇಳೋ ಎಲ್ಲಾ ಸ್ವರಕ್ಕೂ ಇಷ್ಟು ಸಾಕು. ಆಮೇಲೆ ಎಂಪಿ3 ಬಂತು. ಒಂದೇ ಸಿಡಿಯಲ್ಲಿ ನೂರಾರು ಹಾಡು! ಹೇಗೆ ಹಿಡೀತು? ಕಿವಿಗೆ ಅಷ್ಟಾಗಿ ಗೊತ್ತಾಗಲ್ಲ ಅನ್ನಿಸಿದ್ದನ್ನೆಲ್ಲ ತೆಗೆದುಹಾಕಿ. 128 ಕೆಬಿಪಿಎಸ್ ಎಂಪಿ3 ಅಂದ್ರೆ ಸಿಡಿಯ ಹನ್ನೊಂದರಲ್ಲಿ ಒಂದು ಪಾಲು. ಅಕ್ಕಿ ತೊಳೆಯೋವಾಗ ನೀರಿನ ಜೊತೆ ಅಕ್ಕೀನೂ ಸ್ವಲ್ಪ ಚೆಲ್ಲಿದಂಗೆ. ತಂಬೂರಿಯ ಝೇಂಕಾರ, ತಾಳದ ಕೊನೆಯ ಇಂಪು, ಇವು ಮೊದಲು ಹಾಳಾಗೋದು.

ಈಗಿನ ‘ಲಾಸ್‌ಲೆಸ್’ ಅಂದ್ರೆ ಒಂದು ಅಗುಳೂ ಚೆಲ್ಲದೆ ಕಳಿಸೋದು. ‘ಹೈ-ರೆಸ್’ ಅಂದ್ರೆ ಸಿಡಿಗಿಂತ ಸಣ್ಣ ಅಳತೆ, ಸೆಕೆಂಡಿಗೆ 96,000 ಅಥವಾ 1,92,000 ಸಲ. ಆ್ಯಪಲ್ ಮ್ಯೂಸಿಕ್ 2021ರಲ್ಲಿ ಇವೆರಡನ್ನೂ ಹೆಚ್ಚುವರಿ ದುಡ್ಡಿಲ್ಲದೆ ಕೊಡಕ್ಕೆ ಶುರು ಮಾಡ್ತು. ಅವರದೇ ಲೆಕ್ಕದಲ್ಲಿ ಮೂರು ನಿಮಿಷದ ಹಾಡು, ಅದೇ ಗೌಹರ್ ಜಾನ್ ಅಳತೆಯ ಹಾಡು, ಮಾಮೂಲಿ ಗುಣಮಟ್ಟದಲ್ಲಿ 6 ಎಂಬಿ, ಲಾಸ್‌ಲೆಸ್ ಆದ್ರೆ 36 ಎಂಬಿ, ಹೈ-ರೆಸ್ ಆದ್ರೆ 145 ಎಂಬಿ. ಹಾಗಾಗಿ ಮನೆಯ ವೈಫೈಯಲ್ಲೇ ಕೇಳಿ.

ಇನ್ನು ವೈರಿನ ವಿಷಯ. ಬ್ಲೂಟೂತಲ್ಲಿ ಕಳಿಸಿದ್ರೆ ಫೋನು ಹಾಡನ್ನ ಮತ್ತೆ ಹಿಂಡಿಯೇ ಕಳಿಸತ್ತೆ, ಹೈ-ರೆಸ್ಸಿನ ಮಾತೇ ಇಲ್ಲ. ಫೋನಿಗೆ ಯುಎಸ್‌ಬಿಯಲ್ಲಿ ಸಿಗಿಸೋ ‘ಡ್ಯಾಕ್’ ಅನ್ನೋ ಪುಟ್ಟ ಪೆಟ್ಟಿಗೆ ತಗೊಳಿ. ಅಂಕಿಯನ್ನ ಮತ್ತೆ ದನಿ ಮಾಡೋದು ಅದರ ಕೆಲಸ. ಅದರಿಂದ ಕೆಂಪು-ಬಿಳಿ ಪಿನ್ನಿನ ವೈರು ಆಂಪ್ಲಿಫೈಯರ್ ಹಿಂದೆ ‘ಆಕ್ಸ್’ ಅಥವಾ ‘ಸಿಡಿ’ ಅಂತ ಬರೆದಿರೋ ತೂತಿಗೆ. ‘ಫೋನೋ’ ಅಂತಿರೋದಕ್ಕೆ ಮಾತ್ರ ಬೇಡ, ಫೋನಿಗೂ ಅದಕ್ಕೂ ಸಂಬಂಧ ಇಲ್ಲ. ಅದು ಮುಳ್ಳಿನ ತಟ್ಟೆಯ ಯಂತ್ರಕ್ಕೆ. ಕೊನೆಗೆ ಆ್ಯಪಿನ ಸೆಟ್ಟಿಂಗಲ್ಲಿ ಲಾಸ್‌ಲೆಸ್ ಆನ್ ಮಾಡಿ. ಅಷ್ಟೇ.

ವ್ಯತ್ಯಾಸ ಗೊತ್ತಾಗತ್ತಾ? ಹಿಂಡಿದ ಎಂಪಿ3ಗೂ ಲಾಸ್‌ಲೆಸ್ಸಿಗೂ ಒಳ್ಳೇ ಸ್ಪೀಕರಲ್ಲಿ ಗೊತ್ತಾಗತ್ತೆ. ಸಿಡಿ ಮಟ್ಟಕ್ಕೂ ಹೈ-ರೆಸ್ಸಿಗೂ, ಯಾವುದು ಅಂತ ಹೇಳದೆ ಕೇಳಿಸಿದ ಪರೀಕ್ಷೆಗಳಲ್ಲಿ ಬಹಳ ಜನಕ್ಕೆ ಗೊತ್ತಾಗಿಲ್ಲ. ನಮ್ಮ ವಯಸ್ಸಿನ ಕಿವಿಗಂತೂ ಸಿಡಿ ಮಟ್ಟ ಧಾರಾಳ ಆಯ್ತು. ಅದಕ್ಕೋಸ್ಕರ ಸಾಲ ಮಾಡಬೇಡಿ. ಆ ದುಡ್ಡಲ್ಲಿ ಸ್ಪೀಕರಿನ ಹರಿದ ಅಂಚು ರಿಪೇರಿ ಮಾಡಿಸಿದ್ರೆ ಹೆಚ್ಚು ಲಾಭ.

ಈಗ ಮೊದಲು ಹೇಳಿದ ಇನ್ನೊಂದು ಕೆಲಸ. ಕೋಟಿಗಟ್ಟಲೆ ಹಾಡಿರೋ ಆ ಆ್ಯಪಲ್ಲಿ ನಮ್ಮ ಸೋದರತ್ತೆ ಇಲ್ಲ, ನಿಮ್ಮಮ್ಮನೂ ಇಲ್ಲ. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಇವರ ಹಾಡು ಶತಮಾನ ದಾಟಿ ಬಂದಿದ್ದು ಕಂಪನಿಯಿಂದಲ್ಲ. ಅತ್ತೆಯಿಂದ ಸೊಸೆಗೆ, ಅಮ್ಮನಿಂದ ಮಗಳಿಗೆ, ಬಾಯಲ್ಲಿ, ಹಾಡಿನ ಪುಸ್ತಕದಲ್ಲಿ. ಪುಸ್ತಕದಲ್ಲಿ ಮಾತು ಉಳೀತು, ಧಾಟಿ ಉಳಿದಿರೋದು ಆ ಕ್ಯಾಸೆಟ್ಟಲ್ಲಿ ಮಾತ್ರ. ಟೇಪಿನ ಲೇಪ ವರ್ಷ ಕಳೆದ ಹಾಗೆ ಉದುರತ್ತೆ, ಬೂಷ್ಟು ಹಿಡಿಯತ್ತೆ. ಅದನ್ನ ಓಡಿಸೋ ಯಂತ್ರಗಳೂ ಒಂದೊಂದಾಗಿ ಗುಜರಿಗೆ ಹೋಗ್ತಿವೆ. ನೀವು ಹೊಸ ಡಬ್ಬ ಸಿಗಿಸೋಕೆ ಜಾಗ ಮಾಡೋವಾಗ ಮೊದಲು ಎತ್ತಿ ಬಿಸಾಕೋದೇ ಆ ಹಳೇ ಕ್ಯಾಸೆಟ್ ಡೆಕ್ಕನ್ನ. ದಯವಿಟ್ಟು ಬಿಸಾಕಬೇಡಿ.

ಮಾಡೋದು ಇಷ್ಟು. ಕ್ಯಾಸೆಟ್ ಮೇಲಂಚಲ್ಲಿರೋ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಮೊದಲು ಮುರೀರಿ, ಆಮೇಲೆ ಅಪ್ಪಿತಪ್ಪಿ ಕೆಂಪು ಗುಂಡಿ ಒತ್ತಿದ್ರೂ ಅಳಿಸಿಹೋಗಲ್ಲ. ಡೆಕ್ಕಿನ ಹೆಡ್ಡನ್ನ ಹತ್ತಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಒರೆಸಿ. ಟೇಪನ್ನ ಒಂದ್ಸಲ ಕೊನೇತನಕ ಓಡಿಸಿ ಹಿಂದಕ್ಕೆ ಸುತ್ತಿ. ಡೆಕ್ಕಿನ ‘ಲೈನ್ ಔಟ್’ನಿಂದ ವೈರು ತಂದು, ಲೈನ್-ಇನ್ ಇರೋ ಯುಎಸ್‌ಬಿ ಸೌಂಡ್ ಕಾರ್ಡ್ ಮೂಲಕ ಲ್ಯಾಪ್‌ಟಾಪಿಗೆ ಕೊಡಿ. ಅದು ಎಸ್‌.ಪಿ. ರೋಡಲ್ಲಿ ಸಿಗತ್ತೆ. ‘ಆಡಾಸಿಟಿ’ ಅನ್ನೋ ಬಿಟ್ಟಿ ಸಾಫ್ಟ್‌ವೇರಲ್ಲಿ 44,100ರ ಅಳತೆಯಲ್ಲೇ ಹಿಡೀರಿ, ಎಂಪಿ3 ಮಾಡಬೇಡಿ. ಒಂದು ಗಂಟೆ ಕ್ಯಾಸೆಟ್ಟಿಗೆ ಸುಮಾರು 635 ಎಂಬಿ ಆಗತ್ತೆ. ಮೂರು ಕಡೆ ಇಡಿ, ಒಂದು ನಿಮ್ಮ ಹತ್ರ, ಒಂದು ಮಗಳ ಹತ್ರ, ಒಂದು ಬೇರೆ ಊರಲ್ಲಿ. ಯಾರು ಹಾಡಿದ್ದು, ಯಾವ ಮದುವೆ, ಯಾವ ವರ್ಷ ಅಂತ ಹೆಸರು ಬರೀರಿ. ಗೌಹರ್ ಜಾನ್ ತನ್ನ ಹೆಸರು ತಾನೇ ಹೇಳ್ತಿದ್ರು, ನಮ್ಮತ್ತೆಯರು ಹೇಳಿಲ್ಲ, ನಾವೇ ಬರೀಬೇಕು.

ನಮ್ಮನೆ ಡೆಕ್ ಇನ್ನೂ ಗಟ್ಟಿಯಾಗಿದೆ. ಗೌರಿ ಹಬ್ಬಕ್ಕೆ ಮುಂಚಿನ ಎಲ್ಲಾ ಶನಿವಾರ ಮಧ್ಯಾಹ್ನ ಮನೇಲೇ ಇರ್ತೀನಿ. ಅಟ್ಟ ಹುಡುಕಿ, ಡಬ್ಬ ತನ್ನಿ. ಡ್ಯಾಕ್ ಸಿಗಿಸೋದನ್ನ ಅವತ್ತೇ ತೋರಿಸ್ಕೊಡ್ತೀನಿ, ಮತ್ತೆ ಆ ಹಸೆ ಹಾಡಿನ ಧಾಟಿ ನಿಮ್ಮಲ್ಲಿ ಯಾರಿಗಾದ್ರೂ ಬರತ್ತಾ ಅಂತಲೂ ಕೇಳಬೇಕಿದೆ.