ಅಪ್ಪನ ಬಲಗೈ

ನಮ್ಮಪ್ಪನ ಎರಡು ಕೈಗೆ ಎರಡು ಬಣ್ಣ. ತೆರಕಣಾಂಬಿ ಮಾರುಕಟ್ಟೆಯಲ್ಲಿ ಟೊಮೆಟೊ, ಕೋಸು ತುಂಬಿಕೊಂಡು ಸುಲ್ತಾನ್ ಬತ್ತೇರಿಗೆ ಲಾರಿ ಹೊಡೆಯುತ್ತಿದ್ದವರು. ಬೆಳಿಗ್ಗೆ ಬತ್ತೇರಿಯಿಂದ ಗುಂಡ್ಲುಪೇಟೆ ಕಡೆ ಹಿಂತಿರುಗಿದರೆ ಬಿಸಿಲು ಬಲಗಡೆ ಕಿಟಕಿಯಿಂದಲೇ ಒಳಗೆ. 2009ರಲ್ಲಿ ಬಂಡೀಪುರದಲ್ಲಿ ರಾತ್ರಿ ಸಂಚಾರ ಬಂದ್ ಆದಮೇಲಂತೂ ಎಲ್ಲ ಹಗಲಿನ ಓಟವೇ. ಮಡಿಚಿದ ತೋಳಿನ ಅಂಚಿಗೆ ಗೆರೆ ಎಳೆದ ಹಾಗೆ ಬಲಗೈ ಕರ್ರಗಾಯಿತು. ಕೇಳಿದರೆ, "ಚಳಿಗೆ ಗ್ಲಾಸು ಏರ್ಸಿರ್ತಿದ್ನಲ್ಲ, ಬಿಸ್ಲು ಎಲ್ ತಾಕದು ಬುಡು" ಅನ್ನುತ್ತಿದ್ದರು.

ಗಾಜಿನ ಮರ್ಮ ನನಗೆ ತಿಳಿದದ್ದು ಮೆಡಿಕಲ್ ಸ್ಟೋರ್ ಇಟ್ಟ ಮೇಲೆ. ಚರ್ಮವನ್ನು ಕೆಂಪಗೆ ಸುಡುವ ಅತಿನೇರಳೆ 'ಬಿ' ಕಿರಣವನ್ನು ಮಾಮೂಲಿ ಕಿಟಕಿ ಗಾಜು ಬಹುಪಾಲು ತಡೆಯುತ್ತದೆ. 320ರಿಂದ 400 ನ್ಯಾನೊಮೀಟರಿನ 'ಎ' ಕಿರಣಕ್ಕೆ ಆ ಗಾಜು ಅಷ್ಟಾಗಿ ಅಡ್ಡಿಯಲ್ಲ. ಉರಿ ತೋರಿಸದೆ ಆಳಕ್ಕಿಳಿದು ಕಪ್ಪು ಮಾಡುತ್ತದೆ, ಸುಕ್ಕು ತರುತ್ತದೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ 69 ವರ್ಷದ ಡ್ರೈವರ್ ಒಬ್ಬರ ಫೋಟೊ ಬಂತು. 28 ವರ್ಷ ಟ್ರಕ್ ಓಡಿಸಿ ಎಡಗೆನ್ನೆ ಮಾತ್ರ ಸುಕ್ಕುಗಟ್ಟಿ ಜೋತುಬಿದ್ದಿತ್ತು. ಅಮೆರಿಕದಲ್ಲಿ ಸ್ಟೇರಿಂಗ್ ಎಡಕ್ಕೆ ತಾನೆ.

ಜರ್ಮನಿಯ ರಿಟ್ಟರ್ ಅತಿನೇರಳೆಯನ್ನು ಕಂಡದ್ದು 1801ರಲ್ಲೇ. ಆದರೆ ಬಿಸಿಲು ತಡೆಯುವ ಕ್ರೀಮಿನ ತಾಕತ್ತು ಅಳೆಯಲು ಆಸ್ಟ್ರಿಯಾದ ಫ್ರಾಂಝ್ ಗ್ರೈಟರ್ ಹೆಸರಿನೊಂದಿಗೆ ಬೆಳೆದ ಎಸ್‌ಪಿಎಫ್ ನೋಡುವುದು ಚರ್ಮ ಕೆಂಪಾಗುವುದನ್ನು. ಕೆಂಪು ಮಾಡುವುದರಲ್ಲಿ 'ಬಿ' ಕಿರಣ 'ಎ'ಗಿಂತ ಸುಮಾರು ಸಾವಿರ ಪಟ್ಟು ಜೋರು. ಹಾಗಾಗಿ ಆ ಲೆಕ್ಕದಲ್ಲಿ 'ಎ' ಕಾಣಿಸುವುದೇ ಕಮ್ಮಿ. ನಮ್ಮ ಚಾಮರಾಜನಗರದ ಕಡೆ ಬಿಸಿಲಿಗೆ ಕೆಂಪಾಗುವವರು ಯಾರು? ಕಪ್ಪಾಗುವವರೇ ಎಲ್ಲ.

ಕಪ್ಪಾಗುವುದನ್ನೇ ಅಳತೆಗೋಲು ಮಾಡಿ 1996ರಲ್ಲಿ ಜಾರಿಗೆ ತಂದವರು ಜಪಾನಿನವರು. ಬೆನ್ನಿನ ಒಂದು ಚೌಕಕ್ಕೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಕ್ರೀಮು, ಪಕ್ಕದಲ್ಲಿ ಬರಿ ಚರ್ಮ. ಎರಡಕ್ಕೂ 'ಎ' ಕಿರಣದ ದೀಪ ಹಿಡಿದು, ಗಂಟೆಗಟ್ಟಲೆ ಬಿಟ್ಟು, ಮಾಸದೆ ಉಳಿದ ಕಪ್ಪನ್ನು ನೋಡುತ್ತಾರೆ. ಕ್ರೀಮು ಹಚ್ಚಿದ ಕಡೆ ಅದೇ ಕಪ್ಪಿಗೆ 8ರಿಂದ 16 ಪಟ್ಟು ಕಿರಣ ಬೇಕಾದರೆ ಟ್ಯೂಬಿನ ಮೇಲೆ ಪಿಎ, ಮುಂದೆ ಮೂರು ಪ್ಲಸ್. ನಾಲ್ಕನೆಯ ಪ್ಲಸ್ ಬಂದದ್ದು 2013ರಲ್ಲಿ. ಇಂಗ್ಲೆಂಡಿನ ಬ್ರಯನ್ ಡಿಫಿ ಬೆನ್ನಿನ ಹಂಗಿಲ್ಲದ ದಾರಿ ಹುಡುಕಿದರು. ಈಗ ಒರಟು ಪ್ಲಾಸ್ಟಿಕ್ ಬಿಲ್ಲೆಗೆ ಕ್ರೀಮು ಸವರಿ ಯಂತ್ರದಲ್ಲೇ ಅಳೆಯುವುದೂ ಉಂಟು.

ಹೋದ ಮಳೆಗಾಲ ಚೆಂಡು ಹೂ ಕೊಯ್ಯುವ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟು, ಕಾಲರಿನಲ್ಲಿ ಸಿಕ್ಕಿಕೊಂಡ ಹಳದಿ ಎಸಳು. ಮಗಳಿಗೆ ಕಪ್ಪಾಗದ ಕ್ರೀಮು ಬೇಕಂತೆ. ಮೂರು ಪ್ಲಸ್ಸಿನ ಟ್ಯೂಬು ತೋರಿಸಿದೆ. ಆ 2 ಮಿಲಿಗ್ರಾಂ ಲೆಕ್ಕಕ್ಕೆ ಮುಖ, ಕುತ್ತಿಗೆ, ಎರಡು ಕೈಗೆ ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಂ ಒಂದು ವಾರಕ್ಕೆ ಮುಗಿಯುತ್ತದೆ ಎಂದೂ ಹೇಳಿದೆ, ವ್ಯಾಪಾರಿ ಹೇಳಬಾರದ ಮಾತು.

ಅವಳು ಬೆಲೆ ಓದಿಸಿಕೊಂಡು, ಟ್ಯೂಬನ್ನು ನನ್ನ ಕಡೆ ಸರಿಸಿದಳು. "ಅವ್ರಪ್ಪುಂದು ಇನ್ನೊಂದ್ ಶರ್ಟದೆ ಬುಡಣ್ಣ."