ಹಬಶ, ನೂಬಿಯಾ ಮತ್ತು ಹಳೆಯ ಪುಸ್ತಕಗಳು

ಜುಮಾ ಖುತ್ಬಾದಲ್ಲಿ ಆಫ್ರಿಕಾದ ಪ್ರಸ್ತಾಪ ಬಂದರೆ ಅದು ಹೆಚ್ಚಾಗಿ ಎರಡು ಹೆಸರುಗಳಲ್ಲೇ ಮುಗಿಯುತ್ತದೆ. ಕ್ರಿ.ಶ. 615ರ ಸುಮಾರಿಗೆ ಮಕ್ಕಾದ ಹಿಂಸೆ ತಾಳಲಾರದೆ ಹಬಶಕ್ಕೆ ಹಿಜ್ರಾ ಹೋದ ಸಹಾಬಿಗಳಿಗೆ ಆಶ್ರಯ ಕೊಟ್ಟ ನಜಾಶಿ ದೊರೆ ಒಬ್ಬರು, ಹಝ್ರತ್ ಬಿಲಾಲ್(ರ) ಇನ್ನೊಬ್ಬರು. ಆ ನಾಡಿಗೂ ಅದರ ನೆರೆಯ ನೂಬಿಯಾಕ್ಕೂ ಇದರ ಹಿಂದೆ ಮುಂದೆ ದೊಡ್ಡ ಇತಿಹಾಸವಿದೆ. ಅದನ್ನು ತಿಳಿಯಲು ಹಳೆಯ ವಿದ್ವಾಂಸರ ಪುಸ್ತಕಗಳನ್ನು ತೆರೆಯಬೇಕು, ಆದರೆ ಕಣ್ಣು ಮುಚ್ಚಿ ನಂಬಬಾರದು.

ಒಂದು ಉದಾಹರಣೆ ನೋಡೋಣ. ಅಮೆರಿಕದ ಜಾರ್ಜ್ ರೈಸ್ನರ್ 1913ರಿಂದ ಸುಡಾನಿನ ಕೆರ್ಮಾದಲ್ಲಿ ಉತ್ಖನನ ನಡೆಸಿದರು. ಬೃಹತ್ ಸಮಾಧಿ ದಿಬ್ಬಗಳು ಸಿಕ್ಕವು. ಒಂದರಲ್ಲಿ ಈಜಿಪ್ಟಿನ ಅಸ್ಯೂತ್ ಪ್ರಾಂತದ ಅಧಿಕಾರಿ ಹಪಿಜೆಫಾ ಮತ್ತು ಅವನ ಪತ್ನಿಯ ಶಿಲ್ಪಗಳಿದ್ದವು. ಇಷ್ಟು ಭವ್ಯವಾದದ್ದು ಕಪ್ಪು ಜನರ ಕೈಕೆಲಸವಾಗಿರಲಾರದು, ಇದು ಈಜಿಪ್ಟಿನ ರಾಜ್ಯಪಾಲರ ಊರು ಎಂದು ಅವರು ತೀರ್ಮಾನಿಸಿದರು. ಆದರೆ ಹಪಿಜೆಫಾನ ಗೋರಿ ಅಸ್ಯೂತ್‌ನಲ್ಲೇ ಇತ್ತು! ಸ್ವಿಟ್ಜರ್‌ಲೆಂಡಿನ ಚಾರ್ಲ್ಸ್ ಬೊನೆ 1970ರ ದಶಕದಿಂದ ಅಲ್ಲೇ ಅಗೆದು ತೋರಿಸಿದ್ದು, ಕೆರ್ಮಾ ನೂಬಿಯನ್ನರದೇ ಸ್ವತಂತ್ರ ರಾಜ್ಯದ ರಾಜಧಾನಿ. ಆ ಶಿಲ್ಪಗಳು ಈಜಿಪ್ಟಿನಿಂದ ಲೂಟಿಯಾಗಿಯೋ ವ್ಯಾಪಾರದಲ್ಲೋ ಅಲ್ಲಿಗೆ ಬಂದಿದ್ದವೆಂದು ಈಗಿನವರ ಅಭಿಪ್ರಾಯ. ರೈಸ್ನರ್ ಅಗೆದದ್ದರ ವಿವರಗಳು ಇಂದಿಗೂ ಉಪಯುಕ್ತ. ಅವರ ತೀರ್ಮಾನದಲ್ಲಿ ಮಣ್ಣಿಗಿಂತ ಪೂರ್ವಗ್ರಹವೇ ಹೆಚ್ಚು ಮಾತಾಡಿದೆ.

ಯುರೋಪಿಯನ್ನರನ್ನು ದೂರಿ ನಾವು ನಿರಾಳರಾಗುವಂತಿಲ್ಲ. ನಮ್ಮವರ ಗ್ರಂಥಗಳನ್ನೂ ಹೀಗೆಯೇ ಓದಬೇಕು. ಬಸ್ರಾದ ಅಲ್ ಜಾಹಿಝ್, ಬಗ್ದಾದಿನ ಇಬ್ನುಲ್ ಜೌಝಿ ಕಪ್ಪು ಜನರ ಶ್ರೇಷ್ಠತೆಯ ಬಗ್ಗೆ ಪ್ರತ್ಯೇಕ ಕೃತಿಗಳನ್ನೇ ಬರೆದರು. ಸಂತೋಷ. ಆದರೆ ಅಂತಹ ಕೃತಿ ಬೇಕಾಯಿತೆಂದರೆ ಸುತ್ತಲೂ ತಾತ್ಸಾರ ಇದ್ದಿತೆಂದೇ ಅರ್ಥವಲ್ಲವೇ?

ನೂಬಿಯಾದೊಂದಿಗಿನ 652ರ ಬಕ್ತ್ ಒಪ್ಪಂದವನ್ನು ನೋಡಿ. ನೂಬಿಯನ್ ಬಿಲ್ಲುಗಾರರು ಕಣ್ಣಿಗೇ ಗುರಿಯಿಟ್ಟು ಬಾಣ ಬಿಡುತ್ತಿದ್ದರೆಂದು ಅರಬರೇ ಬರೆದಿದ್ದಾರೆ. ಅವರನ್ನು ಸೋಲಿಸಲಾಗದೆ ಒಪ್ಪಂದ ಮಾಡಿಕೊಂಡದ್ದು. ವರ್ಷಕ್ಕೆ 360 ಗುಲಾಮರು ಎಂಬ ಲೆಕ್ಕ ಕೊಡುವ ಅಲ್ ಮಕ್ರೀಝಿ ಬದುಕಿದ್ದು ಏಳು ಶತಮಾನಗಳ ನಂತರ. 9ನೇ ಶತಮಾನದ ಬಲಾಝುರಿಯಲ್ಲಿ ಅದು ಗುಲಾಮರಿಗೆ ಪ್ರತಿಯಾಗಿ ಧಾನ್ಯ ಕೊಡುವ ವಿನಿಮಯದಂತೆ ಕಾಣುತ್ತದೆ. ಇನ್ನೂ ಹಳೆಯ ಸಾಕ್ಷ್ಯ 1972ರಲ್ಲಿ ಕಸ್ರ್ ಇಬ್ರೀಮ್‌ನಲ್ಲಿ ಸಿಕ್ಕಿತು: 758ರಲ್ಲಿ ಈಜಿಪ್ಟಿನ ರಾಜ್ಯಪಾಲ ನೂಬಿಯಾದ ದೊರೆಗೆ ಬರೆದ ಪತ್ರ. ಗುಲಾಮರನ್ನು ಸರಿಯಾಗಿ ಕಳಿಸಿಲ್ಲ, ಕಳಿಸಿದವರು ಒಕ್ಕಣ್ಣರು, ಕುಂಟರು, ಮುದುಕರು ಎಂದು ಅದರಲ್ಲಿ ದೂರಲಾಗಿದೆ. ಬಿಲಾಲ್(ರ)ರ ಹೆಸರಿನಲ್ಲಿ ಹೆಮ್ಮೆಪಡುವ ನಾವು ಈ ಪತ್ರವನ್ನೂ ಓದಲೇಬೇಕು. ಶತಮಾನಗಳ ನಂತರ ಇಥಿಯೋಪಿಯಾದಲ್ಲಿ ಹುಟ್ಟಿ ಮಾರಾಟವಾಗಿ ದಖ್ಖನಿಗೆ ಬಂದ ಮಲಿಕ್ ಅಂಬರ್, ಬಿಜಾಪುರದ ದರ್ಬಾರಿನ ಇಖ್ಲಾಸ್ ಖಾನ್, ಇವರಿಗೆಲ್ಲ ಅಂಟಿದ ‘ಹಬ್ಶಿ’ ಎಂಬ ಹೆಸರು ಹಬಶದಿಂದಲೇ ಬಂದದ್ದು.

ಅದೇ ಮಕ್ರೀಝಿಯ ಗ್ರಂಥ ಇಲ್ಲದಿದ್ದರೆ ಇಬ್ನು ಸುಲೈಮ್ ಅಲ್ ಅಸ್ವಾನಿಯ ಮಾತುಗಳು ನಮಗೆ ಸಿಗುತ್ತಿರಲಿಲ್ಲ. 10ನೇ ಶತಮಾನದಲ್ಲಿ ಈಜಿಪ್ಟಿನ ಫಾತಿಮಿಗಳು ಅವರನ್ನು ನೂಬಿಯಾಕ್ಕೆ ರಾಯಭಾರಿಯಾಗಿ ಕಳಿಸಿದ್ದರು. ಅವರ ಮೂಲ ಪುಸ್ತಕ ಕಳೆದುಹೋಗಿದೆ. ಉಳಿದ ಭಾಗಗಳಲ್ಲಿ ಇಂದಿನ ಖಾರ್ತೂಮಿನ ಬಳಿಯ ಸೋಬಾ ನಗರದ ವರ್ಣನೆಯಿದೆ: ಚೆಂದದ ಕಟ್ಟಡಗಳು, ತೋಟಗಳು, ಚಿನ್ನ ತುಂಬಿದ ಚರ್ಚುಗಳು, ಆ ಕ್ರೈಸ್ತ ರಾಜಧಾನಿಯ ನಡುವೆ ಮುಸ್ಲಿಮರು ವಾಸವಿದ್ದ ಒಂದು ಕೇರಿ.